ಐರಿಷ್ ಗಂಡುಮಕ್ಕಳ ಹೆಸರು: ಅರ್ಥಕ್ಕೂ ಮೊದಲು ಕಾಗುಣಿತ ನೋಡಿ

ಐರ್ಲೆಂಡಿನ ಗಂಡುಮಕ್ಕಳ ಹೆಸರುಗಳ ಮೂಲ, ಅರ್ಥ ಮತ್ತು ಉಚ್ಚಾರಣೆ ಕುರಿತು ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಐದಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಮಗಳು ಐರಿಷ್ ಹುಡುಗನನ್ನು ಮದುವೆಯಾಗಿ ಕಾರ್ಕ್ ನಗರದಲ್ಲಿದ್ದಾಳೆ. ಮೊಮ್ಮಗನಿಗೆ ಕಾನರ್ ಎಂದು ಹೆಸರಿಟ್ಟಿದ್ದಾರೆ. ಇಂಟರ್‌ನೆಟ್ಟಿನಲ್ಲಿ ಅರ್ಥ ಹುಡುಕಿದರೆ ‘ನಾಯಿಗಳನ್ನು ಪ್ರೀತಿಸುವವನು’ ಎಂದಿದೆ. ಇದು ನಿಜವೇ? ಮನೆಯಲ್ಲಿ ಎಲ್ಲರಿಗೂ ಕಸಿವಿಸಿಯಾಗಿದೆ. (ಮೈಸೂರು)

ನಿಜ, ಆದರೆ ಕಸಿವಿಸಿ ಬೇಡ. ನಿಮ್ಮ ಮೊಮ್ಮಗನದು ರಾಜನ ಹೆಸರು. ಕಾನರ್ ಎಂಬುದರ ಹಳೆಯ ರೂಪ ಕೊನ್‌ಖೊವರ್. ಅಲ್‌ಸ್ಟರ್ ಪ್ರಾಂತದ ವೀರಗಾಥೆಗಳಲ್ಲಿ ಬರುವ ದೊರೆಗೆ ಇದೇ ಹೆಸರು. ಇದರ ಮೊದಲ ಭಾಗದ ಮೂಲ ‘ಕೂ’, ಅಂದರೆ ಬೇಟೆನಾಯಿ. ಎರಡನೆಯ ಭಾಗಕ್ಕೆ ಒಲವು, ಬಯಕೆ ಎಂಬ ಅರ್ಥ ಹೇಳುವುದು ವಾಡಿಕೆ. ಪ್ರಾಚೀನ ಐರ್ಲೆಂಡಿನಲ್ಲಿ ‘ಕೂ’ ಬೈಗುಳವಲ್ಲ, ಯೋಧನಿಗೆ ಕೊಡುತ್ತಿದ್ದ ಬಿರುದು. ಆ ಗಾಥೆಗಳ ಮಹಾವೀರ ಕೂ ಖುಲನ್ ಹುಟ್ಟಿದಾಗ ಅವನ ಹೆಸರು ಸೆಟಾಂಟ. ಕುಲನ್ ಎಂಬ ಕಮ್ಮಾರನ ಕಾವಲು ನಾಯಿಯನ್ನು ಕೊಂದ ಹುಡುಗ, ಅದರ ಜಾಗದಲ್ಲಿ ತಾನೇ ಕಾವಲು ನಿಲ್ಲುತ್ತೇನೆ ಎಂದು ಮಾತು ಕೊಟ್ಟು ‘ಕುಲನ್‌ನ ಬೇಟೆನಾಯಿ’ ಆದ.

ನಮ್ಮಲ್ಲಿ ನರಸಿಂಹ, ನಾಗರಾಜ ಇರುವಂತೆ ಅಲ್ಲಿ ಪ್ರಾಣಿಗಳ ಹೆಸರು ಮಾಮೂಲು. ರೋನಾನ್ ಪುಟ್ಟ ಕಡಲುನಾಯಿ, ಅಂದರೆ ಸೀಲ್. ಫೈಲಾನ್, ಫೀಲಾನ್ ಎಂದೆಲ್ಲ ಕೇಳಿಸುವುದು ಪುಟ್ಟ ತೋಳ. ಒಶೀನ್ ಪುಟ್ಟ ಜಿಂಕೆ. ಕೊನೆಯಲ್ಲಿ ಬರುವ ‘ಆನ್’, ‘ಈನ್’ ಪ್ರತ್ಯಯಗಳು ‘ಪುಟ್ಟ’ ಎಂಬ ಮುದ್ದಿನ ಅರ್ಥ ಕೊಡುತ್ತವೆ. ಒಶೀನ್‌ನ ತಾಯಿ ಸೈವ್ ಮಾಟಕ್ಕೆ ಸಿಕ್ಕಿ ಜಿಂಕೆಯಾಗಿದ್ದಳು. ತಂದೆ ಫಿನ್ ಮಕ್ ಕೂಲ್‌ಗೆ ಮಗು ಸಿಕ್ಕಿದ್ದು ಸ್ಲೈಗೋ ಬಳಿಯ ಬೆನ್‌ಬುಲ್ಬಿನ್ ಬೆಟ್ಟದಲ್ಲಿ ಎನ್ನುತ್ತದೆ ಕಥೆ. ಈ ಒಶೀನ್‌ನ ಮಗನೇ ಆಸ್ಕರ್. 18ನೇ ಶತಮಾನದಲ್ಲಿ ಈ ಕಥೆಗಳು ಯುರೋಪಿನಲ್ಲೆಲ್ಲ ಹಬ್ಬಿದಾಗ ನೆಪೋಲಿಯನ್ ಕೂಡ ಅವಕ್ಕೆ ಮನಸೋತ. ಅವನು ಆಸ್ಕರ್ ಎಂದು ಹೆಸರಿಟ್ಟ ಮಗು ಮುಂದೆ ಸ್ವೀಡನ್ನಿನ ರಾಜನಾಯಿತು.

ಪ್ರಶ್ನೆ: ಡಬ್ಲಿನ್ನಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ಪಟ್ಟಿ ನೋಡಿ ರೋಗಿಗಳ ಹೆಸರು ಕೂಗುವಾಗ ಪ್ರತಿ ಸಲ ತಪ್ಪುತ್ತದೆ. ಬರೆಯುವುದೊಂದು, ಓದುವುದೊಂದು. ಏನಾದರೂ ನಿಯಮ ಇದೆಯೇ? (ಡಬ್ಲಿನ್)

ಇದೆ, ಇಂಗ್ಲಿಷಿಗಿಂತ ಗಟ್ಟಿಯಾದ ನಿಯಮವೇ ಇದೆ. ಸಾಂಪ್ರದಾಯಿಕ ಐರಿಷ್ ವರ್ಣಮಾಲೆಯಲ್ಲಿ ಇರುವುದು 18 ಅಕ್ಷರ. ಕೆ, ವಿ, ಡಬ್ಲ್ಯು, ವೈ ಮುಂತಾದವು ಇಲ್ಲ. ಆದ್ದರಿಂದ ‘ಕ’ ಧ್ವನಿಗೆ ಸಿ ಬರೆಯುತ್ತಾರೆ. ಸಿ ಯಾವತ್ತೂ ‘ಸ’ ಆಗುವುದಿಲ್ಲ. 2024ರಲ್ಲಿ ಆಸ್ಕರ್ ಪ್ರಶಸ್ತಿ ಗೆದ್ದ ನಟ ಕಿಲಿಯನ್ ಮರ್ಫಿ ‘ಸಿಲಿಯನ್’ ಅಲ್ಲದಿರುವುದು ಇದಕ್ಕೇ.

ಹೆಸರು ಕಂಡಾಗ ಮೂರು ಕಡೆ ಕಣ್ಣಾಡಿಸಿ. ಮೊದಲು ಸ್ವರದ ಮೇಲೆ ಓರೆಗೆರೆ ಇದೆಯೇ ನೋಡಿ. ಅದರ ಹೆಸರು ಫಾಡ. ಅದು ದೀರ್ಘದ ಗುರುತು. ಎರಡನೆಯದು ಎಸ್: ಅದರ ಪಕ್ಕದಲ್ಲಿ ಇ ಅಥವಾ ಐ ಇದ್ದರೆ ‘ಶ’ ಎನ್ನಿ. ಶಾನ್, ಶೇಮಸ್, ಒಶೀನ್ ಮೂರೂ ಇದರಲ್ಲೇ ಬಗೆಹರಿಯುತ್ತವೆ. ಮೂರನೆಯದು ಎಚ್. ಅದು ಹಿಂದಿನ ವ್ಯಂಜನವನ್ನು ಸಡಿಲಿಸುತ್ತದೆ. ಬಿ-ಎಚ್ ಮತ್ತು ಎಂ-ಎಚ್ ಸೇರಿದರೆ ‘ವ’. ಸಿ-ಎ-ಒ-ಐ-ಎಂ-ಎಚ್-ಐ-ಎನ್ ಎಂದು ಉದ್ದಕ್ಕೆ ಬರೆದದ್ದು ಸುಮಾರಾಗಿ ‘ಕೀವೀನ್’, ಇಂಗ್ಲಿಷಿನ ಕೆವಿನ್. ನಡುವೆ ಅಥವಾ ಕೊನೆಯಲ್ಲಿ ಬರುವ ಡಿ-ಎಚ್, ಜಿ-ಎಚ್ ಬಹುಪಾಲು ಕರಗಿ ಹೋಗುತ್ತವೆ. ಎ-ಒ-ಡಿ-ಎಚ್ ಎಂಬ ನಾಲ್ಕಕ್ಷರದ ಹೆಸರು ಬರೀ ‘ಏ’. ಅರ್ಥ ಬೆಂಕಿ. ಅದರ ಮುದ್ದಿನ ರೂಪವೇ ಏಡನ್, ಪುಟ್ಟ ಬೆಂಕಿ. ಟಿ-ಎ-ಡಿ-ಎಚ್-ಜಿ ‘ತೈಗ್’, ಅಂದರೆ ಕವಿ. ಇಲ್ಲಿ ನಿಮಗೊಂದು ಅನುಕೂಲವಿದೆ: ಎ, ಒ, ಯು ಪಕ್ಕದ ಐರಿಷ್ ಟಿ, ಡಿ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವ ಧ್ವನಿಗಳು. ನಮ್ಮ ತ, ದ ಅವಕ್ಕೆ ಇಂಗ್ಲಿಷಿನ ಟ, ಡಗಳಿಗಿಂತ ಹತ್ತಿರ.

ತಪ್ಪುವುದು ಹೆಚ್ಚಾಗಿ ಎರಡು ಕಡೆ. ಎಸ್ ಜೊತೆ ಎಚ್ ಕಂಡೊಡನೆ ‘ಶ’ ಎಂದುಬಿಡುತ್ತೇವೆ. ಐರಿಷಿನಲ್ಲಿ ಆ ಜೋಡಿ ‘ಹ’. ಇನ್ನೊಂದು, ಸಂಬೋಧನೆ. ಐರಿಷ್ ಮಾತನಾಡುವ ಮನೆಯವರು ಕರೆಯುವಾಗ ಹೆಸರಿನ ಮೊದಲಕ್ಷರವೇ ಬದಲಾಗುತ್ತದೆ. ಶಾನ್‌ನನ್ನು ‘ಅ ಹ್ಯಾನ್’ ಎಂದೂ ಪಾದ್ರಿಗ್‌ನನ್ನು ‘ಅ ಫಾದ್ರಿಗ್’ ಎಂದೂ ಕರೆಯುತ್ತಾರೆ. ಮಳೆ, ಕಾಲ ಸೇರಿ ಮಳೆಗಾಲ ಆಗುವಾಗ ಕ ಸಡಿಲಾಗುವುದನ್ನು ಬಲ್ಲ ನಮಗೆ ಇದು ತೀರಾ ಹೊಸದೇನಲ್ಲ. ಸ್ಕಾಟ್ಲೆಂಡಿನಲ್ಲಿ ಶೇಮಸ್‌ನನ್ನು ಕರೆಯುವ ‘ಹೇಮಿಶ್’ ಪ್ರತ್ಯೇಕ ಹೆಸರಾಗಿಯೇ ನಿಂತುಬಿಟ್ಟಿದೆ. ನೀವು ಕೂಗುವಾಗ ಪಟ್ಟಿಯಲ್ಲಿರುವ ರೂಪವನ್ನೇ ಹೇಳಿದರೆ ಸಾಕು. ಸಂದೇಹ ಬಂದರೆ ಸಂಕೋಚವಿಲ್ಲದೆ ಕೇಳಿ. ಕೆರ್ರಿ ಕಡೆಯ ಪಾದ್ರಿಗ್ ಗಾಲ್ವೇ ಕಡೆ ‘ಪಾರಿಕ್’ ಆಗುತ್ತಾನೆ. ಅಲ್ಲಿಯವರೂ ಕೇಳಿಯೇ ತಿಳಿಯುತ್ತಾರೆ.

ಪ್ರಶ್ನೆ: ನಮ್ಮ ಕುಟುಂಬದಲ್ಲಿ ಪ್ಯಾಟ್ರಿಕ್, ಕೆವಿನ್, ಬ್ರಯನ್, ಡೆಸ್ಮಂಡ್ ಎಲ್ಲರೂ ಇದ್ದಾರೆ. ಮನೆತನದ ಹೆಸರು ಪೋರ್ಚುಗೀಸ್. ಇವೂ ಪೋರ್ಚುಗೀಸ್ ಹೆಸರುಗಳೇ? (ಮಂಗಳೂರು)

ಅಲ್ಲ. ಪಿಂಟೊ, ಲೋಬೊಗಳ ದಾರಿ ಬೇರೆ, ಇವುಗಳ ದಾರಿ ಬೇರೆ. ಈ ನಾಲ್ಕೂ ಐರ್ಲೆಂಡಿನಿಂದ ಇಂಗ್ಲಿಷ್ ಮೂಲಕ ಬಂದವು. ಕೆವಿನ್ ವಿಕ್ಲೋ ಬೆಟ್ಟಗಳ ಗ್ಲೆಂಡಲಾಕ್ ಮಠದ ಸಂತ. ಹೆಸರಿನ ಅರ್ಥ ‘ಸೌಮ್ಯವಾದ, ಚೆಲುವಾದ ಹುಟ್ಟು’. ಬ್ರಯನ್ ಹೆಸರನ್ನು ಮೆರೆಸಿದವನು 1014ರಲ್ಲಿ ಡಬ್ಲಿನ್ ಬಳಿಯ ಕ್ಲಾಂಟಾರ್ಫ್ ಕಾಳಗದಲ್ಲಿ ಮಡಿದ ಮಹಾರಾಜ ಬ್ರಯನ್ ಬೋರು. ಗುಡ್ಡ, ಎತ್ತರ ಎಂಬ ಮೂಲದಿಂದ ಬಂದಿರಬೇಕೆಂಬ ಊಹೆ ಬಲವಾಗಿದೆ. ಡೆಸ್ಮಂಡ್ ಮೊದಲಿಗೆ ವ್ಯಕ್ತಿಯ ಹೆಸರೇ ಅಲ್ಲ. ಅದು ದಕ್ಷಿಣ ಮನ್‌ಸ್ಟರ್ ಎಂಬ ಸೀಮೆಯ ಹೆಸರು. ಅಲ್ಲಿಂದ ಮನೆತನಕ್ಕೆ, ಆಮೇಲೆ ಮಗುವಿಗೆ ಬಂತು.

ಪ್ಯಾಟ್ರಿಕ್ ವಿಚಾರ ಬೇರೆಯೇ. ಮೂಲ ಲ್ಯಾಟಿನ್, ‘ಕುಲೀನ’ ಎಂದರ್ಥ. ಐದನೇ ಶತಮಾನದ ಈ ಸಂತ ಹುಟ್ಟಿದ್ದು ಬ್ರಿಟನ್ನಿನಲ್ಲಿ. ಹದಿನಾರರ ಹರೆಯದಲ್ಲಿ ಗುಲಾಮನಾಗಿ ಐರ್ಲೆಂಡಿಗೆ ಬಂದವನು. ಅವನ ಹೆಸರನ್ನು ನೇರವಾಗಿ ಮಗುವಿಗೆ ಇಡಲು ಐರಿಷರು ಶತಮಾನಗಳ ಕಾಲ ಹಿಂಜರಿದರು. ಬದಲಿಗೆ ‘ಗಿಲ ಫಾದ್ರಿಗ್’, ಅಂದರೆ ಪ್ಯಾಟ್ರಿಕ್‌ನ ದಾಸ ಎಂದಿಡುತ್ತಿದ್ದರು. ಫಿಟ್ಸ್‌ಪ್ಯಾಟ್ರಿಕ್ ಮನೆತನದ ಐರಿಷ್ ಹೆಸರಿನಲ್ಲಿ ಆ ದಾಸ ಇಂದಿಗೂ ಇದ್ದಾನೆ.

ಪ್ರಶ್ನೆ: ಮಗನಿಗೆ ಕಿಯಾನ್, ರಿಯಾನ್, ಲಿಯಮ್ ಈ ಮೂರರಲ್ಲಿ ಒಂದು ಇಡಬೇಕೆಂದಿದ್ದೇವೆ. ಆ್ಯಪ್‌ಗಳಲ್ಲಿ ಒಂದೊಂದಕ್ಕೂ ನಾಲ್ಕು ಅರ್ಥ. ಯಾವುದನ್ನು ನಂಬುವುದು? (ಬೆಂಗಳೂರು)

ಐರಿಷ್ ಕಾಗುಣಿತ ಕೊಡದೆ ಅರ್ಥ ಮಾತ್ರ ಕೊಡುವ ಪಟ್ಟಿಯನ್ನು ನಂಬಬೇಡಿ. ಐರಿಷ್ ಕೀಅನ್ ಬರೆಯುವುದು ಸಿ-ಐ-ಎ-ಎನ್ ಎಂದು. ಅರ್ಥ ಪುರಾತನ, ದೀರ್ಘ ಬಾಳಿಕೆಯದು. ಪರ್ಷಿಯನ್ನಿನ ಕಿಯಾನ್ ಬೇರೆ ಹೆಸರು, ಅದಕ್ಕೆ ರಾಜರ ನಂಟು. ‘ದೇವರ ಕೃಪೆ’ ಎಂದಿದ್ದರೆ ಅದು ಶಾನ್‌ನ ಅರ್ಥ, ಕೀಅನ್‌ಗೆ ಸೇರದು. ಐರಿಷ್ ಕಾಗುಣಿತವನ್ನೇ ಉಳಿಸಿಕೊಂಡರೆ ಬೆಂಗಳೂರಿನ ಶಾಲೆಯಲ್ಲಿ ಮಗು ‘ಸಿಯಾನ್’ ಆಗುವುದು ಖಂಡಿತ. ಇಲ್ಲಿಯೇ ಬೆಳೆಯುವ ಮಗುವಿಗೆ ಕೆ ಬರೆಯುವುದೇ ಮೇಲು. ಐರ್ಲೆಂಡಿನಲ್ಲೂ ಕೆ ಬರೆಯುವವರಿದ್ದಾರೆ.

ರೀಅನ್ ಎಂದರೆ ‘ಪುಟ್ಟ ರಾಜ’. ‘ರೀ’ ರಾಜನಿಗೆ ಐರಿಷ್ ಪದ. ಆದರೆ ಐ ಮೇಲಿನ ಫಾಡ ಬಿಟ್ಟರೆ ‘ಗುರುತು, ಜಾಡು’ ಎಂಬ ಬೇರೆಯೇ ಪದ. ಇಂಗ್ಲಿಷಿನ ರಯಾನ್ ಮನೆತನದ ಹೆಸರಿನಿಂದ ಬಂದದ್ದು.

ಲಿಯಮ್ ಮೂರರಲ್ಲಿ ಅತ್ಯಂತ ಜನಪ್ರಿಯ. ಅಮೆರಿಕದಲ್ಲಿ 2017ರಿಂದ ಹಲವು ವರ್ಷ ಮೊದಲ ಸ್ಥಾನದಲ್ಲಿತ್ತು. ಮೂಲ ಮಾತ್ರ ಐರಿಷ್ ಅಲ್ಲ. ಅದು ವಿಲಿಯಂ ಹೆಸರಿನ ಐರಿಷ್ ರೂಪವಾದ ‘ಉಲಿಯಮ್’ನ ಬಾಲ. 1169ರಿಂದ ಐರ್ಲೆಂಡಿಗೆ ಬಂದ ನಾರ್ಮನ್ನರು ತಂದ ಜರ್ಮಾನಿಕ್ ಹೆಸರು: ಸಂಕಲ್ಪ ಮತ್ತು ಶಿರಸ್ತ್ರಾಣ ಎಂಬ ಎರಡು ಪದಗಳ ಜೋಡಿ. ಶಾನ್ ಕೂಡ ನಾರ್ಮನ್ನರ ಫ್ರೆಂಚ್‌ನಿಂದ ಬಂದ ಯೋಹಾನ. ಅದೇ ಯೋಹಾನ ಅದಕ್ಕೂ ಮೊದಲೇ ಲ್ಯಾಟಿನ್‌ನಿಂದ ಬಂದು ‘ಓವನ್’ (ಇ-ಒ-ಐ-ಎನ್) ಆಗಿತ್ತು. ಕಿವಿಗೆ ಹೆಚ್ಚುಕಡಿಮೆ ಹಾಗೇ ಕೇಳಿಸುವ ಇ-ಒ-ಜಿ-ಎಚ್-ಎ-ಎನ್ ಅಪ್ಪಟ ಐರಿಷ್; ಅದನ್ನು ‘ಯೂ ಮರದಿಂದ ಹುಟ್ಟಿದವನು’ ಎಂದು ಬಿಡಿಸುತ್ತಾರೆ. ಹೆಸರಿನ ಮೂಲವೂ ಐರಿಷ್ ಆಗಿರಬೇಕೆಂದರೆ ನಮ್ಮ ಆಯ್ಕೆ ಕೀಅನ್.

ಪ್ರಶ್ನೆ: ಮುಂದಿನ ತಿಂಗಳು ಹೆರಿಗೆ. ಗಂಡಾದರೆ ಶಾನ್ ಎಂದು ನಿಶ್ಚಯ. ಫಾಡ ಹಾಕಿಸಿದರೆ ಪಾಸ್‌ಪೋರ್ಟ್, ಟಿಕೆಟ್‌ಗೆ ತೊಂದರೆಯಾದೀತೇ? (ಲಿಮ್‌ರಿಕ್)

ಹಾಕಿಸಿ. ಫಾಡ ಇಲ್ಲದಿದ್ದರೆ ಆ ಪದಕ್ಕೆ ಐರಿಷಿನಲ್ಲಿ ‘ಮುದುಕ, ಹಳೆಯ’ ಎಂದರ್ಥ. ಉಚ್ಚಾರಣೆಯೂ ‘ಶ್ಯಾನ್’ ಆಗುತ್ತದೆ.

ಐರ್ಲೆಂಡಿನಲ್ಲಿ ಜನನ ನೋಂದಣಿ 3 ತಿಂಗಳೊಳಗೆ ಆಗಬೇಕು. ನೋಂದಣಿ ಕಚೇರಿಯಲ್ಲಿ ಸಹಿ ಹಾಕುವ ಮೊದಲು ಓರೆಗೆರೆ ಸರಿಯಾದ ಅಕ್ಷರದ ಮೇಲಿದೆಯೇ ನೋಡಿಕೊಳ್ಳಿ. ಶಾನ್‌ನಲ್ಲಿ ಅದು ಎ ಮೇಲೆ ಬರಬೇಕು, ಇ ಮೇಲಲ್ಲ. ಆಸ್ಪತ್ರೆ, ಬ್ಯಾಂಕುಗಳ ಹಳೆಯ ಸಾಫ್ಟ್‌ವೇರ್ ಗೆರೆಯನ್ನು ನುಂಗುವುದೂ, ಅದರ ಜಾಗದಲ್ಲಿ ವಿಚಿತ್ರ ಚಿಹ್ನೆ ಮೂಡಿಸುವುದೂ ಉಂಟು. ಆಗ ಜನನ ಪ್ರಮಾಣಪತ್ರವೇ ಆಧಾರ, ಅದೊಂದು ಸರಿಯಿದ್ದರೆ ಉಳಿದದ್ದನ್ನು ತಿದ್ದಿಸಬಹುದು.

ಯಾವ ದೇಶದ ಪಾಸ್‌ಪೋರ್ಟ್ ಆದರೂ ಕೆಳಗಿನ ಯಂತ್ರ ಓದುವ ಎರಡು ಸಾಲಿನಲ್ಲಿ ಹೆಸರಿಗೆ ಎ ಇಂದ ಝಡ್‌ವರೆಗಿನ ಅಕ್ಷರ ಮಾತ್ರ ಇರುತ್ತವೆ, ಫಾಡ ತಾನಾಗಿ ಬಿದ್ದುಹೋಗುತ್ತದೆ. ವಿಮಾನದ ಟಿಕೆಟ್ಟನ್ನು ಆ ಸಾಲಿನಲ್ಲಿರುವಂತೆ ಫಾಡ ಇಲ್ಲದೆ ಮಾಡಿಸಿ. ಭಾರತದ ಆನ್‌ಲೈನ್ ಅರ್ಜಿಗಳನ್ನೂ ಹಾಗೆಯೇ ತುಂಬಿ. ಆದರೆ ಗೆರೆಯ ಬದಲಿಗೆ ದೀರ್ಘ ತೋರಿಸಲೆಂದು ಇನ್ನೊಂದು ಎ ಸೇರಿಸಬೇಡಿ. ಗೆರೆ ಬಿಟ್ಟರೆ ಅದೇ ಹೆಸರು. ಅಕ್ಷರ ಹೆಚ್ಚಿದರೆ ದಾಖಲೆಯಲ್ಲಿ ಬೇರೆ ಹೆಸರಾಗುತ್ತದೆ, ಮುಂದೆ ಪ್ರತಿ ಕಡೆಯೂ ಅಫಿಡವಿಟ್ ಕೇಳುತ್ತಾರೆ.