ಇಸೆ ಜಿಂಗೂ: ಯಾವ ಗುಡಿ ಮೊದಲು?

ಪ್ರಶ್ನೆ: ಜಪಾನ್ ಪ್ರವಾಸದಲ್ಲಿ ಇಸೆ ಜಿಂಗೂ ಶಿಂಟೋ ದೇಗುಲಕ್ಕೆ ಹೋಗುವವರಿದ್ದೇವೆ. ಚಪ್ಪಲಿ ಎಲ್ಲಿ ಬಿಡಬೇಕು? ನೇರವಾಗಿ ಮುಖ್ಯ ಗುಡಿಗೇ ಹೋಗಬಹುದೇ?

ಉತ್ತರ: ಹೋಗಬಹುದು, ಯಾರೂ ತಡೆಯುವುದಿಲ್ಲ. ಆದರೆ ಆಹಾರದ ದೇವತೆ ತೊಯೊಉಕೆ ಇರುವ ಹೊರದೇಗುಲ ಗೆಕು ಮೊದಲು, ಸೂರ್ಯದೇವತೆ ಅಮತೆರಾಸುವಿನ ಒಳದೇಗುಲ ನೈಕು ಆಮೇಲೆ ಎಂಬುದು ಅಲ್ಲಿನ ವಾಡಿಕೆ. ಅನುಕೂಲವೂ ಹಾಗೇ ಇದೆ: ಗೆಕು ಇಸೆಶಿ ರೈಲು ನಿಲ್ದಾಣದಿಂದ ಐದಾರು ನಿಮಿಷದ ನಡಿಗೆ, ಅಲ್ಲಿಂದ ನೈಕುಗೆ ಬಸ್ಸಿದೆ. ಎರಡೂ ದೇಗುಲ ಬೆಳಗ್ಗೆ 5ಕ್ಕೇ ತೆರೆಯುತ್ತವೆ, ಪ್ರವೇಶ ಶುಲ್ಕವಿಲ್ಲ.

ಚಪ್ಪಲಿ ಬಿಡಬೇಕಾಗಿಲ್ಲ. ದಾರಿಯುದ್ದಕ್ಕೂ ಜಲ್ಲಿ, ಹೈಹೀಲ್ಸ್ ಹೂತುಕೊಳ್ಳುತ್ತವೆ, ಸೂಟ್‌ಕೇಸಿನ ಚಕ್ರ ಉರುಳುವುದಿಲ್ಲ. ಗೆಕುವಿನಲ್ಲಿ ಎಡಬದಿ, ನೈಕುವಿನಲ್ಲಿ ಬಲಬದಿ ಹಿಡಿದು ನಡೆಯಿರಿ.

ಹೆಚ್ಚಿನವರು ತಡವರಿಸುವುದು ಕೈ-ಬಾಯಿ ತೊಳೆಯುವ ನೀರಿನ ಮಂಟಪದಲ್ಲಿ. ಬಲಗೈಯಲ್ಲಿ ಸೌಟು ಹಿಡಿದು ತುಂಬ ನೀರು ತೆಗೆದುಕೊಂಡು ಎಡಗೈ ತೊಳೆಯಿರಿ. ಸೌಟಿನ ಕೈ ಬದಲಿಸಿ ಬಲಗೈ ತೊಳೆಯಿರಿ. ಸೌಟು ಮತ್ತೆ ಬಲಗೈಗೆ ಬಂದ ಮೇಲೆ ಎಡ ಅಂಗೈಗೆ ನೀರು ಬಗ್ಗಿಸಿಕೊಂಡು ಬಾಯಿ ಮುಕ್ಕಳಿಸಿ, ಆ ಕೈಯನ್ನು ಇನ್ನೊಮ್ಮೆ ತೊಳೆಯಿರಿ. ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿದರೆ ಉಳಿದ ನೀರು ಹಿಡಿಯ ಮೇಲೆ ಹರಿದು ಅದನ್ನೂ ತೊಳೆಯುತ್ತದೆ. ಇಷ್ಟೂ ಒಂದೇ ಸೌಟಿನಲ್ಲಿ ಆಗಬೇಕು. ಮೊದಲ ಕೈಗೇ ಅರ್ಧ ಸುರಿದರೆ ಹಿಡಿಗೆ ನೀರು ಉಳಿಯದು. ಸೌಟಿಗೆ ಬಾಯಿ ಹಚ್ಚಬಾರದು, ಬಳಸಿದ ನೀರು ತೊಟ್ಟಿಗೆ ಬೀಳಬಾರದು. ನೈಕುವಿನಲ್ಲಿ ಇಸುಜು ನದಿಗಿಳಿದೂ ಕೈ ತೊಳೆಯಬಹುದು. ಸಾಧ್ಯವಾದರೆ ಅಲ್ಲೇ ತೊಳೆಯಿರಿ, ಅದರ ಸೊಗಸೇ ಬೇರೆ.

ಗುಡಿಯೆದುರು ಎರಡು ಬಾರಿ ಆಳವಾಗಿ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಿ. ಮುಖ್ಯ ಗುಡಿಯಲ್ಲಿ ಕೃತಜ್ಞತೆ ಹೇಳಿ, ಸ್ವಂತದ ಬೇಡಿಕೆಗಳನ್ನು ಹತ್ತಿರದ ಅರಮತ್ಸುರಿ ಗುಡಿಯಲ್ಲಿ ಹೇಳಿಕೊಳ್ಳುವುದು ರೂಢಿ. ನೈಕುವಿನ ಕಲ್ಲುಮೆಟ್ಟಿಲು ಹತ್ತಿದ ಮೇಲೆ ಫೋಟೊ ನಿಷಿದ್ಧ. ಗರ್ಭಗುಡಿ ನಾಲ್ಕು ಸುತ್ತು ಬೇಲಿಯ ಹಿಂದಿದೆ, ಕಾಣುವುದು ಬಿಳಿ ಪರದೆ ಮತ್ತು ಮಾಡಿನ ತುದಿ ಅಷ್ಟೆ. ಇದನ್ನು ತಿಳಿದುಕೊಂಡೇ ಹೋದರೆ ನಿರಾಸೆಯಾಗದು.

ಪ್ರಶ್ನೆ: ಇಷ್ಟು ಪುರಾತನ ದೇಗುಲದ ಕಟ್ಟಡ ಹೊಸದರಂತೆ ಕಾಣುವುದೇಕೆ?

ಉತ್ತರ: ಹೊಸದೇ. ಕಂಬಗಳನ್ನು ಅಡಿಗಲ್ಲಿಲ್ಲದೆ ನೇರ ಮಣ್ಣಿಗೆ ನೆಡುತ್ತಾರೆ, ಮಾಡು ಹುಲ್ಲಿನದು. ಎರಡೂ ಬೇಗ ಲಡ್ಡಾಗುತ್ತವೆ. 20 ವರ್ಷಕ್ಕೊಮ್ಮೆ ಪಕ್ಕದ ಖಾಲಿ ನಿವೇಶನದಲ್ಲಿ ಅದೇ ವಿನ್ಯಾಸದಲ್ಲಿ ಮರುನಿರ್ಮಾಣ ನಡೆಯುತ್ತದೆ. ನೈಕುವಿನಲ್ಲಿ ಇದು ಮೊದಲು ನಡೆದದ್ದು 690ರಲ್ಲಿ, 62ನೆಯದು 2013ರಲ್ಲಿ, ಮುಂದಿನದು 2033ಕ್ಕೆ. ಹಳೆಯ ಮರವನ್ನು ಎಸೆಯುವುದಿಲ್ಲ. ನೈಕುವಿನ ಪ್ರವೇಶದಲ್ಲಿರುವ ಉಜಿ ಸೇತುವೆಯ ಎರಡೂ ತುದಿಯ ತೋರಿ ಕಮಾನುಗಳ ಕಂಬಗಳು ಹಿಂದಿನ ಗರ್ಭಗುಡಿಗಳ ಮಾಡಿನ ತೊಲೆ ಹೊತ್ತಿದ್ದವೇ.