ಮೇಣ ಕೆತ್ತುವುದೂ ಓದೇ, ತಾಯಿ

ತರೀಕೆರೆಯ ಓದುಗರೊಬ್ಬರು ಬರೆದಿದ್ದಾರೆ: "ಮಗಳಿಗೆ ಹಲ್ಲಿನ ಡಾಕ್ಟರ್ ಓದಿನ, ಅಂದರೆ ಬಿಡಿಎಸ್ ಸೀಟು ಸಿಕ್ಕಿತು. ಎರಡು ತಿಂಗಳಿಂದ ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಕೂತು ಮೇಣ ಕೆತ್ತುತ್ತಾಳೆ. ಡಾಕ್ಟರ್ ಓದು ಅಂದರೆ ಇದೇನಾ? ಬಿಡಿಸಿ ಮತ್ತೆ ನೀಟ್ ಬರೆಸಲಾ?"

ಎಂಬಿಬಿಎಸ್ಸೇ ಅವಳ ಆಸೆಯಾಗಿದ್ದರೆ ಬರೆಯಲಿ, ತಪ್ಪಿಲ್ಲ. ಆದರೆ ಮೇಣ ನೋಡಿ ಬೇಸರಪಟ್ಟುಕೊಂಡಿರಿ ನೋಡಿ, ಅದು ನನಗೆ ಸರಿ ಕಾಣಲಿಲ್ಲ.

ಮೊದಲ ವರ್ಷ ಪುಸ್ತಕದ ಓದೂ ಜಾಸ್ತಿಯೇ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಎಲ್ಲ ಇದೆ. ಹೆಣದ ಮುಂದೆ ನಿಂತ ದಿನ ಊಟ ಸೇರದಿರಬಹುದು. ಅದು ಬೇಗ ಸರಿಹೋಗುತ್ತದೆ. ಕೈ ಪಳಗುವುದಕ್ಕೆ ಮಾತ್ರ ಕಾಲ ಬೇಕು. ಒಂದು ಮೇಣದ ಗಟ್ಟಿ, ಒಂದು ಚೂರಿ, ಮಿಲಿಮೀಟರ್ ಲೆಕ್ಕ. ಮೇಣದಲ್ಲಿ ಹಲ್ಲಿನ ಆಕಾರ ಕೆತ್ತುತ್ತ, ಬಾಚಿಹಲ್ಲಿನಿಂದ ಶುರುಮಾಡಿ ದವಡೆಹಲ್ಲಿಗೆ ಬರಬೇಕು. ಮೇಲಿನ ಮೊದಲ ದವಡೆಹಲ್ಲಿಗೆ ನಾಲ್ಕು ದಿಬ್ಬ, ನಡುವೆ ತಗ್ಗು. ಕೆಲವರಿಗೆ ಒಳಬದಿಯಲ್ಲಿ ಐದನೆಯ ಪುಟ್ಟ ದಿಬ್ಬವೂ ಇರುತ್ತದೆ. ಈ ಹಲ್ಲು, ಯಾವ ಹಾಲುಹಲ್ಲೂ ಬೀಳದೆ, ಸುಮಾರು 6ನೇ ವಯಸ್ಸಿಗೆ ಹಿಂದುಗಡೆ ಸದ್ದಿಲ್ಲದೆ ಹುಟ್ಟುತ್ತದೆ. ಹಾಗಾಗಿ ಇದನ್ನೂ ಹಾಲುಹಲ್ಲೇ ಅಂದುಕೊಂಡು ಎಷ್ಟೋ ಮನೆಗಳಲ್ಲಿ ಹುಳುಕಾಗಲು ಬಿಡುತ್ತಾರೆ. ಅಂಥ ಹಲ್ಲು ಅರ್ಧ ಮುರಿದು ಬಂದಾಗ ಉಳಿದರ್ಧವನ್ನು ಕಟ್ಟಬೇಕಾದವಳು ನಿಮ್ಮ ಮಗಳು. ಫಿಲ್ಲಿಂಗ್ ಕೂದಲೆಳೆಯಷ್ಟು ಎತ್ತರವಾದರೂ ಕಚ್ಚಿದಾಗಲೆಲ್ಲ ನೋವು, ಅಲ್ವಾ?

ಸಾಗರದಲ್ಲಿ ಗಂಧದ ಮರ ಕೆತ್ತುವ ಗುಡಿಗಾರರೊಬ್ಬರ ಮನೆ ಜಗಲಿಯಲ್ಲಿ ನಾನು ಒಂದು ಮಧ್ಯಾಹ್ನ ಕೂತಿದ್ದೆ. ಹುಡುಗನೊಬ್ಬ ಸಾದಾ ಮರದ ತುಂಡಿನಲ್ಲಿ ಒಂದೇ ಎಲೆಯನ್ನು ಮತ್ತೆ ಮತ್ತೆ ಕೆತ್ತುತ್ತಿದ್ದ. "ಗಂಧ ಯಾವಾಗ ಕೊಡ್ತೀರಿ?" ಅಂದೆ. "ಎಲೆ ಅವನ ಕೈಗೆ ಬಂದ ಮೇಲೆ" ಅಂದರು ಹಿರಿಯರು. ನಿಮ್ಮ ಮಗಳಿಗೂ ರೋಗಿಗಳನ್ನು ಕೊಡುವುದು 3ನೇ ವರ್ಷದಲ್ಲಿ. ಅಲ್ಲಿಯವರೆಗೆ ಮೇಣ, ಪ್ಲಾಸ್ಟರ್, ಗೊಂಬೆಯ ತಲೆ. ಒಟ್ಟು 4 ವರ್ಷ ಓದು, ಮೇಲೆ 1 ವರ್ಷ ಇಂಟರ್ನ್‌ಶಿಪ್.

ನನ್ನ ಸಂಕಟ ಬೇರೆಯೇ ಇದೆ. ನಮ್ಮ ಶಾಲೆಗಳಲ್ಲಿ ಚಿತ್ರಕಲೆಯ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ತೆಗೆದುಕೊಳ್ಳುತ್ತಾರೆ. ಕ್ರಾಫ್ಟ್ ಅಂತೂ ಟೈಮ್‌ಟೇಬಲ್‌ನಲ್ಲಿ ಹೆಸರಿಗಷ್ಟೇ. ಪಿಯುಸಿಯ ಎರಡು ವರ್ಷ ಮಕ್ಕಳ ಕೈ ಓಎಂಆರ್ ಹಾಳೆಯ ಸೊನ್ನೆ ತುಂಬುವುದನ್ನು ಕಲಿಯುತ್ತದೆ. ಮಣ್ಣು, ಸೂಜಿ, ಕತ್ತರಿ ಏನೂ ಮುಟ್ಟದ ಆ ಕೈಗೆ 18ನೇ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಚೂರಿ ಕೊಡುತ್ತೇವೆ. ಮಗು ಅಳದೆ ಇನ್ನೇನು ಮಾಡೀತು? ಕೈಕೆಲಸ ಅಂದರೆ ಕಡಿಮೆ ಅಂತ ಅವರಿಗೆ ಕಲಿಸಿದವರು ನಾವೇ.

ಹಬ್ಬಕ್ಕೆ ಬರುವಾಗ ಕೆತ್ತಿದ ಹಲ್ಲುಗಳನ್ನೆಲ್ಲ ತರಲು ಹೇಳಿ. ಮೊದಲನೆಯದನ್ನೂ ಈಚಿನದನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೀಟ್ ವಿಷಯ ಆಮೇಲೆ ಅವಳನ್ನೇ ಕೇಳಿ.