ಬರೆದದ್ದು ನೂರಾರು, ಉಳಿದದ್ದು ಸಾಲ

ಪ್ರಶ್ನೆ: ದಾವಣಗೆರೆಯ ಕಾಟನ್ ಮಿಲ್ಲೊಂದರಲ್ಲಿ ಗುಮಾಸ್ತರಾಗಿದ್ದ ನಮ್ಮ ಅಜ್ಜನ ಟ್ರಂಕನ್ನು ಅಟ್ಟದಿಂದ ಇಳಿಸಿ ತೆರೆದಾಗ ಎಡ್ಗರ್ ವ್ಯಾಲೇಸ್ ಎಂಬ ಇಂಗ್ಲಿಷ್ ಲೇಖಕನ ಹನ್ನೊಂದು ಪುಸ್ತಕಗಳು ಸಿಕ್ಕವು. ಈತ ಮೂರೇ ದಿನಕ್ಕೆ ಕಾದಂಬರಿ ಮುಗಿಸುತ್ತಿದ್ದನೆಂದೂ ಸಾಲಗಾರನಾಗಿಯೇ ಸತ್ತನೆಂದೂ ಅಜ್ಜ ಹೇಳುತ್ತಿದ್ದರು. ನಿಜವೇ? ಅಷ್ಟು ಬರೆದವನಿಗೆ ಸಾಲ ಹೇಗಾಯಿತು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಅಜ್ಜ ಹೇಳಿದ್ದು ಎರಡೂ ನಿಜ; ಆತುರ ಎಂಬ ಒಂದೇ ಗುಣ ಎರಡಕ್ಕೂ ಕಾರಣ ಎಂಬುದು ನನ್ನ ಅಭಿಪ್ರಾಯ.

1875ರ ಏಪ್ರಿಲ್ 1ರಂದು ಲಂಡನ್ನಿನ ಗ್ರೀನಿಚ್‌ನಲ್ಲಿ ನಾಟಕದ ನಟಿಯೊಬ್ಬಳ ಮಗನಾಗಿ ಹುಟ್ಟಿದ ಈತನನ್ನು ಸಾಕಿದವರು ಬಿಲಿಂಗ್ಸ್‌ಗೇಟ್ ಮೀನು ಮಾರುಕಟ್ಟೆಯ ಹಮಾಲಿಯೊಬ್ಬನ ಮನೆಯವರು. ಹನ್ನೆರಡರ ಸುಮಾರಿಗೆ ಶಾಲೆ ಬಿಟ್ಟು ಬೀದಿಯಲ್ಲಿ ಪತ್ರಿಕೆ ಮಾರಿದ ಹುಡುಗ ಮುಂದೆ ಸೈನ್ಯ ಸೇರಿ ದಕ್ಷಿಣ ಆಫ್ರಿಕಕ್ಕೆ ಹೋದ. 1899ರಲ್ಲಿ ಹಣ ಕಟ್ಟಿ ಸೈನ್ಯದಿಂದ ಬಿಡುಗಡೆ ಪಡೆದು ಅಲ್ಲಿ ಬ್ರಿಟಿಷರಿಗೂ ಡಚ್ ಮೂಲದ ಬೋಯರರಿಗೂ ನಡೆದ ಬೋಯರ್ ಯುದ್ಧದ ವರದಿಗಾರನಾದ. 1902ರಲ್ಲಿ ಶಾಂತಿ ಮಾತುಕತೆ ನಡೆಯುತ್ತಿದ್ದ ಬಿಡಾರದೊಳಗೆ ಪತ್ರಕರ್ತರಿಗೆ ಪ್ರವೇಶವಿರಲಿಲ್ಲ. ಒಳಗೆ ಪಹರೆಯಲ್ಲಿದ್ದ ಪರಿಚಯದ ಸೈನಿಕನೊಬ್ಬನೊಂದಿಗೆ ಒಪ್ಪಂದ ಮಾಡಿಕೊಂಡ ವ್ಯಾಲೇಸ್, ಬಿಡಾರದ ಪಕ್ಕದಲ್ಲಿ ಹಾದುಹೋಗುವ ರೈಲಿನಲ್ಲಿ ದಿನವೂ ಓಡಾಡುತ್ತಿದ್ದ. ಮಾತುಕತೆ ಹೇಗೆ ಸಾಗಿದೆ ಎಂಬುದಕ್ಕೆ ತಕ್ಕಂತೆ ಆ ಸೈನಿಕ ಬೇರೆ ಬೇರೆ ಬಣ್ಣದ ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತಿದ್ದ. ಸಂಧಿ ಖಚಿತವೆಂದು ಹೇಳುವ ಬಿಳಿ ಕರವಸ್ತ್ರ ಹೊರಬಂದ ದಿನ, ಈತ ವರದಿ ಕಳಿಸುತ್ತಿದ್ದ ಲಂಡನ್ನಿನ ಡೈಲಿ ಮೇಲ್ ಪತ್ರಿಕೆಗೆ ಎಲ್ಲರಿಗಿಂತ ಮೊದಲು ಸುದ್ದಿ ಮುಟ್ಟಿತು. ಸೇನಾಧಿಪತಿ ಕಿಚನರ್ ಸಿಟ್ಟಾಗಿ ಈತನ ಯುದ್ಧ ವರದಿಗಾರಿಕೆಗೇ ನಿಷೇಧ ಹೇರಿದ. ಮುಂದಿನ ಕಾದಂಬರಿಗಳ ಚುರುಕೆಲ್ಲ ಈ ಒಂದು ಘಟನೆಯಲ್ಲೇ ಇದೆ.

ಸಾಲದ ಕಥೆ ಶುರುವಾಗುವುದು 1905ರಲ್ಲಿ. 'ದಿ ಫೋರ್ ಜಸ್ಟ್ ಮೆನ್' ಎಂಬ ಕಾದಂಬರಿಯನ್ನು ಈತ ತಾನೇ ಸ್ಥಾಪಿಸಿದ ಪ್ರಕಾಶನದಿಂದ ಹೊರತಂದ. ಪೊಲೀಸರ ಕಾವಲಿರುವ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಂತ್ರಿಯೊಬ್ಬ ಸಾಯುತ್ತಾನೆ. ಹೇಗೆ ಸತ್ತನೆಂಬುದನ್ನು ಪುಸ್ತಕದಲ್ಲಿ ಹೇಳದೆ, ಸರಿಯಾಗಿ ಊಹಿಸಿದವರಿಗೆ 500 ಪೌಂಡ್ ಬಹುಮಾನವೆಂದು ಊರೆಲ್ಲ ಜಾಹೀರಾತು ಮಾಡಿಸಿದ. (ನಿಮ್ಮ ಟ್ರಂಕಿನಲ್ಲಿ ಆ ಪುಸ್ತಕವೂ ಇರಬಹುದಾದ್ದರಿಂದ ಉತ್ತರವನ್ನು ನಾನೂ ಹೇಳುವುದಿಲ್ಲ.) ಆದರೆ ಬಹುಮಾನ ಎಷ್ಟು ಮಂದಿಗೆ ಮಾತ್ರ ಎಂಬ ಮಿತಿಯನ್ನು ಪ್ರಕಟಣೆಯಲ್ಲಿ ಹಾಕುವುದನ್ನೇ ಮರೆತಿದ್ದ. ಸರಿಯುತ್ತರಗಳು ರಾಶಿ ಬಿದ್ದವು. ಪುಸ್ತಕ ಬಿಸಿ ಬೋಂಡದಂತೆ ಖರ್ಚಾಗುತ್ತಿದ್ದರೂ ಜಾಹೀರಾತಿನ ಬಿಲ್ಲು, ಬಹುಮಾನದ ಬಾಕಿ ಎರಡೂ ಸೇರಿ ಲೇಖಕನನ್ನು ದಿವಾಳಿಯ ಅಂಚಿಗೆ ತಂದವು. ಈತ ಕೆಲಸ ಮಾಡುತ್ತಿದ್ದ ಡೈಲಿ ಮೇಲ್ ಪತ್ರಿಕೆಯ ಮರ್ಯಾದೆ ಹೋದೀತೆಂದು ಅದರ ಮಾಲೀಕ ಹಾರ್ಮ್ಸ್‌ವರ್ತ್ ಸಾಲ ಕೊಟ್ಟು ಕಾಪಾಡಬೇಕಾಯಿತು.

ಇಷ್ಟಾದ ಮೇಲೂ ಲೆಕ್ಕ ಇಡುವ ಬುದ್ಧಿ ಬರಲಿಲ್ಲ. ಬಂದ ಹಣ ಕುದುರೆ ಜೂಜಿಗೆ, ಕಾರಿಗೆ, ಕೇಳಿದವರಿಗೆಲ್ಲ ಕೈಬಿಚ್ಚಿ ಕೊಡುವುದಕ್ಕೆ ಹೋಯಿತು. ಖಾಲಿಯಾದ ಕೂಡಲೇ ಮತ್ತೊಂದು ಕಾದಂಬರಿ. ಕೈಬರಹಕ್ಕೆ ವ್ಯವಧಾನವಿಲ್ಲದೆ, ಸಿಗರೇಟು ಸೇದುತ್ತ, ಸಕ್ಕರೆ ಹೆಚ್ಚಾದ ಚಹಾ ಕುಡಿಯುತ್ತ ಮೇಣದ ಸಿಲಿಂಡರುಗಳಲ್ಲಿ ಧ್ವನಿ ಹಿಡಿಯುವ ಡಿಕ್ಟಫೋನ್ ಯಂತ್ರಕ್ಕೆ ಕಥೆ ಹೇಳುತ್ತಿದ್ದ. ಕಾರ್ಯದರ್ಶಿ ಅದನ್ನು ಕೇಳಿ ಟೈಪು ಮಾಡುತ್ತಿದ್ದ. ಹೀಗೆ 170ಕ್ಕೂ ಹೆಚ್ಚು ಕಾದಂಬರಿಗಳು, ಅವಲ್ಲದೆ ನಾಟಕಗಳು, ನೂರಾರು ಸಣ್ಣಕಥೆಗಳು ಬಂದವು. ನಮ್ಮಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಗೆ ಕಾದು ಕುಳಿತ ತಲೆಮಾರಿನವರಿಗೆ ಅಂದಿನ ಇಂಗ್ಲೆಂಡಿನ ಓದುಗರ ಹಸಿವು ಎಂಥದಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

1932ರ ಫೆಬ್ರವರಿ 10ರಂದು, ಬಹುಕಾಲ ಪತ್ತೆಯಾಗದೆ ಉಳಿದಿದ್ದ ಸಕ್ಕರೆ ಕಾಯಿಲೆಯ ಜೊತೆ ನ್ಯುಮೋನಿಯಾ ಸೇರಿ, ಅಮೆರಿಕದಲ್ಲಿ ತೀರಿಕೊಂಡಾಗ ಈತನ ತಲೆಯ ಮೇಲೆ ದೊಡ್ಡ ಸಾಲವಿತ್ತು. ಆದರೆ ಪುಸ್ತಕಗಳ ರಾಯಧನದಿಂದ ಕೆಲವೇ ವರ್ಷಗಳಲ್ಲಿ ಅದೆಲ್ಲ ತೀರಿತು. ಬದುಕಿದ್ದಾಗ ಆಗದ ಕೆಲಸ ಅದು.

ಪ್ರಶ್ನೆ: 'ಕಿಂಗ್ ಕಾಂಗ್' ಚಿತ್ರದ ಕಥೆ ಇದೇ ವ್ಯಾಲೇಸ್‌ನದೇ? ಈಗಲೂ ಓದುವಂಥದ್ದು ಏನಾದರೂ ಇದೆಯೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಚಿತ್ರದಲ್ಲಿ ಹೆಸರಿದೆ, ಕೈ ಕಡಿಮೆ. 1931ರ ಕೊನೆಯಲ್ಲಿ, ಬ್ಲ್ಯಾಕ್‌ಪೂಲ್ ಕ್ಷೇತ್ರದಿಂದ ಚುನಾವಣೆಗೆ ನಿಂತು ಸೋತ ಮೇಲೆ, ಹಾಲಿವುಡ್ಡಿಗೆ ಹೋಗಿ ಮೊದಲ ಕರಡನ್ನು ಬರೆದುಕೊಟ್ಟ. ಆತ ಸತ್ತ ಬಳಿಕ ಬೇರೆಯವರು ಅದನ್ನು ಬಹುಮಟ್ಟಿಗೆ ಬದಲಿಸಿದರು, ಚಿತ್ರ 1933ರಲ್ಲಿ ತೆರೆಕಂಡಿತು.

ಓದಲು ಮೇಲೆ ಹೇಳಿದ 1905ರ ಕಾದಂಬರಿಯಿಂದ ಆರಂಭಿಸಿ. 1911ರ 'ಸ್ಯಾಂಡರ್ಸ್ ಆಫ್ ದಿ ರಿವರ್' ಕಥೆಗಳು ಒಂದು ಕಾಲಕ್ಕೆ ಅಪಾರ ಜನಪ್ರಿಯವಾಗಿದ್ದವು. ಆದರೆ ಆಫ್ರಿಕದ ಜನರನ್ನು ಮಕ್ಕಳಂತೆ ಗದರಿಸಿ ಆಳುವ ಬಿಳಿಯ ಅಧಿಕಾರಿಯನ್ನು ನಾಯಕನೆಂದು ಒಪ್ಪಿಕೊಳ್ಳಲು, ಅದೇ ಸಾಮ್ರಾಜ್ಯದ ಕಲೆಕ್ಟರುಗಳನ್ನು ಕಂಡ ನಮಗೆ ಕಷ್ಟ. ಆ ಕಥೆಗಳ 1935ರ ಚಲನಚಿತ್ರದಲ್ಲಿ ನಟಿಸಿದ ಅಮೆರಿಕದ ಕಪ್ಪು ಜನಾಂಗದ ಗಾಯಕ, ನಟ ಪಾಲ್ ರಾಬ್ಸನ್ ಕೂಡ ಆಮೇಲೆ ಆ ಚಿತ್ರವನ್ನು ತಿರಸ್ಕರಿಸಿದ್ದ.